ಹೊಗೆಸೊಪ್ಪಿನ ಬ್ಯಾರನ್ನಿಗೆ ಬಂದ ಮಾಜಿ ಮಂತ್ರಿ

ಆ ವರ್ಷ ಆಗಸ್ಟ್ ಶುರುವಿನಲ್ಲಿ ನಮ್ಮ ಮ್ಯಾನೇಜರು ಮೈಸೂರಿಂದ ಫೋನ್ ಮಾಡಿ, ಒಬ್ಬ ದೊಡ್ಡ ಮನುಷ್ಯರು ಬರ್ತಿದ್ದಾರೆ, ಹೋಗುವತನಕ ನೀನೇ ಜೊತೆಗಿರಬೇಕು ಅಂದರು. ನಾನಾಗ ಹೊಗೆಸೊಪ್ಪು ಕೊಳ್ಳುವ ಒಂದು ಕಂಪನಿಯ ಹುಣಸೂರು ಆಫೀಸಿನಲ್ಲಿ ಕ್ಷೇತ್ರಾಧಿಕಾರಿ. ಹೆಸರು ದೊಡ್ಡದು. ಕೆಲಸ ಮಾತ್ರ ಮಳೆಯಲ್ಲಿ ನೆನೆದುಕೊಂಡು ಊರೂರು ತಿರುಗಿ, ಬ್ಯಾರನ್ ಬಾಗಿಲಲ್ಲಿ ನಿಂತು ರೈತರ ಜೊತೆ ಜಗಳ ಆಡುವುದು. ಬ್ಯಾರನ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಹಸಿ ಹೊಗೆಸೊಪ್ಪಿಗೆ ಕಾವು ಕೊಟ್ಟು, ನಮ್ಮ ಕಡೆಯ ಮಾತಲ್ಲಿ ಬೇಯಿಸಿ, ಹಳದಿಗೆ ತಿರುಗಿಸುವ, ಕಿಟಕಿಯಿಲ್ಲದ ಎತ್ತರದ ಮನೆ ಅದು. ಹೊರಗಡೆ ಒಲೆ, ಒಳಗೆ ನೆಲದ ಮೇಲೆ ತಗಡಿನ ಕೊಳವೆ, ಅದರ ಮೇಲೆ ಅಂತಸ್ತು ಅಂತಸ್ತಾಗಿ ಅಡ್ಡಮರ, ಅಡ್ಡಮರದ ಮೇಲೆ ಸೊಪ್ಪು ಕಟ್ಟಿದ ಕಡ್ಡಿಗಳು. ಆಗಸ್ಟ್ ತಿಂಗಳಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆ ಯಾವ ಊರಿಗೆ ಕಾಲಿಟ್ಟರೂ ಅದರದೇ ವಾಸನೆ.

ಬರುವವರು ಆಫ್ರಿಕಾದ ಬಿಳಿಯರು, ಸೊಪ್ಪಿಗೆ ಕಾವು ಕೊಡುವುದರಲ್ಲಿ ಎತ್ತಿದ ಕೈ, ಹಿಂದೆ ರೊಡೇಷಿಯಾ ಅನ್ನುವ ದೇಶದಲ್ಲಿ ಮಂತ್ರಿಯಾಗಿದ್ದವರು ಅಂದರು ಮ್ಯಾನೇಜರು. ಎಂಥ ಸರ್ಕಾರ ಅಂತ ಕೇಳಿದ್ದಕ್ಕೆ, ಬ್ರಿಟಿಷರ ವಸಾಹತು ಕಣಯ್ಯ, ನಿಮ್ಮ ಮಾತು ಕೇಳಲ್ಲ ಹೋಗಿ ಅಂತ ತಾವೇ ಸ್ವಾತಂತ್ರ್ಯ ಸಾರಿಕೊಂಡು ಬೇರೆಯಾದರು ಅಂತ ಹೇಳಿ ಫೋನಿಟ್ಟರು. ನಾನು ಅಷ್ಟನ್ನೇ ಡ್ರೈವರಿಗೆ ಹೇಳಿದೆ. ಡ್ರೈವರು ಟೀ ಅಂಗಡಿಯಲ್ಲಿ ಹೇಳಿದ. ಅವರು ಬಂದು ಜೀಪಿನಿಂದ ಇಳಿಯುವ ಹೊತ್ತಿಗೆ, ಬ್ರಿಟಿಷರ ಮೇಲೆ ತಿರುಗಿಬಿದ್ದ ಸ್ವಾತಂತ್ರ್ಯ ಹೋರಾಟಗಾರರೊಬ್ಬರು ಹುಣಸೂರಿಗೆ ಬಂದಿದ್ದಾರೆ ಅಂತ ಸುತ್ತಮುತ್ತಲ ಊರಿಗೆಲ್ಲ ಸುದ್ದಿಯಾಗಿಹೋಗಿತ್ತು. ಬ್ರಿಟಿಷರಿಂದ ಬಿಡಿಸಿಕೊಂಡವರು ಅಂದರೆ ನಮ್ಮ ಕಡೆ ಜನಕ್ಕೆ ಇನ್ನೇನು ತಾನೇ ಅರ್ಥವಾಗಬೇಕು? ನನಗೂ ಹಾಗೇ ಅರ್ಥವಾಗಿತ್ತು.

ಎಪ್ಪತ್ತು ದಾಟಿದ ಮನುಷ್ಯ. ಉದ್ದಕ್ಕೆ, ಒಣಕಲಾಗಿ, ಮೊಣಕಾಲಿನವರೆಗಿನ ಖಾಕಿ ಚಡ್ಡಿ, ಅದರ ಕೆಳಗೆ ಉದ್ದ ಕಾಲುಚೀಲ. ರೂಮಿಗೆ ಹೋಗಿ ಸುಧಾರಿಸಿಕೊಳ್ಳಿ ಅಂದರೆ, ಮೊದಲು ಒಂದು ಬ್ಯಾರನ್ ತೋರಿಸು ಅಂದರು. ತೋರಿಸಿದೆ. ಥರ್ಮಾಮೀಟರಿನ ಕಡೆ ತಿರುಗಿಯೂ ನೋಡದೆ ಗೋಡೆಗೆ ಅಂಗೈ ಒತ್ತಿಟ್ಟು, ಬಾಗಿಲ ಸಂದಿಗೆ ಮೂಗು ಕೊಟ್ಟು, ಕಾವು ಜಾಸ್ತಿಯಾಯಿತು, ಸೊಪ್ಪು ಹಸಿರಿಗೇ ನಿಂತುಬಿಡುತ್ತೆ ಅಂದರು. ಆ ರೈತನಿಗೆ ಇದೇ ಮಾತನ್ನು ನಾನು ಬೆಳಿಗ್ಗೆ ಹೇಳಿ ಬೈಸಿಕೊಂಡಿದ್ದೆ. ಈಗ ಅವನು ಕೈಮುಗಿದು ಕೇಳಿದ. ಹೊಟ್ಟೆ ಉರಿಯಿತು ಅಂತ ಸುಳ್ಳು ಯಾಕೆ ಹೇಳಲಿ, ಖುಷಿಯೇ ಆಯಿತು.

ಜೀಪಿನಲ್ಲಿ ಊರಿಂದ ಊರಿಗೆ ಹೋಗುವಾಗ ಅವರ ಕಥೆ ಚೂರುಚೂರಾಗಿ ಬಂತು. ಅಪ್ಪ ಒಂದೇ ಬ್ಯಾರನ್ ಇಟ್ಟುಕೊಂಡು ಶುರುಮಾಡಿದವರು. ಇವರು ಬೆಳೆಗಾರರ ಸಂಘ ಅಂತ ಓಡಾಡಿ, ಭಾಷಣ ಮಾಡಿ, ಚುನಾವಣೆಗೆ ನಿಂತು ಗೆದ್ದು, ಕೊನೆಗೆ ಒಂದು ಸಣ್ಣ ಖಾತೆಗೆ ಮಂತ್ರಿಯಾದರು. ಸರ್ಕಾರ ಬೇರೆಯಾದ ಮೇಲೆ ಲೋಕದಲ್ಲಿ ಯಾರೂ ಅದನ್ನು ಸರ್ಕಾರ ಅಂತ ಒಪ್ಪಲಿಲ್ಲ, ಅವರ ಸೊಪ್ಪನ್ನು ಕೊಳ್ಳಬಾರದು ಅಂತ ಕಟ್ಟುಮಾಡಿದರು. ಬೆಳೆದ ಸೊಪ್ಪು ಶೆಡ್ಡುಗಳಲ್ಲಿ ಸೂರು ಮುಟ್ಟುವಷ್ಟು ಬಿದ್ದಿತ್ತಂತೆ. ಮಂತ್ರಿಗಳಾದ ಇವರು ಬೇರೆ ಹೆಸರು ಹೇಳಿಕೊಂಡು ಪರದೇಶದ ಹೋಟೆಲುಗಳಲ್ಲಿ ಒಬ್ಬರೇ ಕೂತು ಊಟಮಾಡಿ, ಸೊಪ್ಪಿನ ಸ್ಯಾಂಪಲ್ಲನ್ನು ಬಟ್ಟೆಯ ಮಧ್ಯೆ ಇಟ್ಟುಕೊಂಡು ವ್ಯಾಪಾರಕ್ಕೆ ತಿರುಗಿದರು. ಎಷ್ಟೋ ದೇಶ ಇವರನ್ನು ಒಳಗೇ ಬಿಡಲಿಲ್ಲ. ಕೊನೆಗೆ ಅಲ್ಲಿ ಯುದ್ಧವೇ ಆಗಿ ಆ ಸರ್ಕಾರ ಹೋಯಿತು, ದೇಶದ ಹೆಸರೂ ಹೋಯಿತು. ಇವರು ಮತ್ತೆ ಬ್ಯಾರನ್ ಬಾಗಿಲಿಗೇ ಬಂದರು. ಇದನ್ನೆಲ್ಲ ಕೇಳಿ ಡ್ರೈವರು, ಎಂಥ ತ್ಯಾಗ ನೋಡಿ ಸಾ, ಅಂದ. ನಾನೂ ಹೂಂ ಅಂದೆ.

ಒಂದು ಮಧ್ಯಾಹ್ನ ಅವರನ್ನು ಮನೆಗೆ ಊಟಕ್ಕೆ ಕರೆದುಕೊಂಡು ಹೋದೆ. ಬಿಳಿಯರು ಏನು ತಿನ್ನುತ್ತಾರೋ ಅಂತ ನನ್ನ ಹೆಂಡತಿ ಬ್ರೆಡ್ಡು ತರಿಸಿಟ್ಟಿದ್ದಳು. ಅವರು ನನ್ನ ತಟ್ಟೆಯ ಮುದ್ದೆ ನೋಡಿ ಅದೇ ಬೇಕು ಅಂದರು. ಅಗಿದು ಒದ್ದಾಡುತ್ತಾರೆ, ನೋಡಿ ನಗೋಣ ಅಂತ ನಾವು ಕಾದಿದ್ದೇ ಬಂತು. ಸಲೀಸಾಗಿ ಮುರಿದು, ಉಂಡೆ ಮಾಡಿ, ಸಾರಲ್ಲಿ ಅದ್ದಿ ನುಂಗಿದರು. ಅವರ ದೇಶದಲ್ಲಿ ಮುಸುಕಿನ ಜೋಳದ ಹಿಟ್ಟಿನಲ್ಲಿ ಹೀಗೇ ಮಾಡುತ್ತಾರಂತೆ. ಚಿಕ್ಕಂದಿನಲ್ಲಿ ಹಿತ್ತಲಿನ ಆಳುಗಳ ಅಡಿಗೆಮನೆಯಲ್ಲಿ ಅವರ ಮಕ್ಕಳ ಜೊತೆ ತಿನ್ನುತ್ತಿದ್ದೆ, ಆಮೇಲೆ ನನ್ನ ತಾಯಿ ಬಿಡಿಸಿದಳು ಅಂದರು. ಯಾಕೆ ಬಿಡಿಸಿದರು ಅಂತ ಹೆಂಡತಿ ಕೇಳು ಅಂದಳು. ನಾನು ಕೇಳಲಿಲ್ಲ, ಇನ್ನೊಂದು ಸೌಟು ಸಾರು ಬಡಿಸು ಅಂದೆ.

ಮಂತ್ರಿ ಅಂದಮೇಲೆ ಕೇಳಬೇಕೆ, ಮನವಿಗಳು ಬರತೊಡಗಿದವು. ಎಚ್.ಡಿ. ಕೋಟೆ ಕಡೆ ಕಾಡಂಚಿನ ಒಂದು ಹಾಡಿಯವರು ಕೊಳವೆಬಾವಿ ಕೇಳಿದರು, ಇನ್ನೊಂದು ಊರಿನವರು ಸಾಯಂಕಾಲದ ಬಸ್ಸು ಕೇಳಿದರು. ಮಾಜಿ ಮಂತ್ರಿ, ಅದೂ ಬೇರೆ ದೇಶದವರು ಅಂತ ಎಷ್ಟು ಹೇಳಿದರೂ, ಮಂತ್ರಿ ಮಂತ್ರಿಯೇ ಅಲ್ವಾ ಸಾ, ಒಂದು ಮಾತು ಹೇಳಿದ್ರೆ ಆಯ್ತದೆ, ಅನ್ನುವರು. ಮಂತ್ರಿಗಳು ಎಲ್ಲವನ್ನೂ ಮಡಿಸಿ ಜೇಬಿಗಿಟ್ಟುಕೊಂಡು, ಇದು ಯಾರಿಗೆ ಸೇರಬೇಕು ಅಂತ ನನ್ನನ್ನು ಪೀಡಿಸಿ, ಕೊನೆಗೆ ತಾಲ್ಲೂಕು ಕಚೇರಿಯ ಕ್ಯೂನಲ್ಲಿ ತಾವೇ ನಿಂತರು. ಗುಮಾಸ್ತ ಎದ್ದು ಕುರ್ಚಿ ಕೊಟ್ಟರೂ ಕೂರಲಿಲ್ಲ. ಆಗಲೇ ಆ ಮುದುಕನನ್ನು ಕಂಡರೆ ನನಗೆ ಪ್ರೀತಿ ಹುಟ್ಟಿಬಿಟ್ಟಿತ್ತು.

ಅಷ್ಟರಲ್ಲಿ ಸ್ವಾತಂತ್ರ್ಯ ದಿನ ಬಂತು. ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಊರಿನ ಹೆಡ್‌ಮೇಷ್ಟ್ರು ಆಫೀಸಿಗೇ ಬಂದು, ನಮ್ಮ ಶಾಲೆಯ ಧ್ವಜ ಸಾಹೇಬರೇ ಹಾರಿಸಬೇಕು ಅಂತ ಪಟ್ಟುಹಿಡಿದರು. ಮಂತ್ರಿಗಳು, ನಾನು ಅದಕ್ಕೆ ತಕ್ಕವನಲ್ಲ ಅಂದರು. ನಾನು ತರ್ಜುಮೆ ಮಾಡಿದೆ. ಎಂಥ ವಿನಯ ಅಂತ ಮೇಷ್ಟ್ರ ಕಣ್ಣಲ್ಲಿ ನೀರೇ ಬಂತು. ಇನ್ನೊಮ್ಮೆ ಬೇಡ ಅಂದರು, ವಿನಯ ಇನ್ನೂ ಜಾಸ್ತಿಯಾಯಿತು. ಕೊನೆಗೆ ಮಕ್ಕಳ ಎದುರಿಗೆ ನಿಂತು ಹಗ್ಗ ಎಳೆದರು, ಧ್ವಜ ಬಿಚ್ಚಿಕೊಂಡಿತು, ಹೂವು ಉದುರಿತು, ಎಲ್ಲರೂ ಚಪ್ಪಾಳೆ ತಟ್ಟಿದೆವು. ಅವರ ಮುಖ ಮಾತ್ರ ಕಪ್ಪಿಟ್ಟಿತ್ತು. ಬಿಸಿಲಿಲ್ಲದ ದಿನ ಬೇರೆ.

ಬೂಂದಿ ಹಂಚಿ ಮುಗಿದ ಮೇಲೆ ಊರ ಯಜಮಾನರು ಶಾಲೆಯ ಜಗುಲಿಯಲ್ಲೇ ಒಂದು ಪಂಚಾಯಿತಿ ಕೂಡಿಸಿದರು. ಇಷ್ಟು ದೊಡ್ಡವರು ಊರಿಗೆ ಬಂದಿರುವಾಗ ಅವರ ಎದುರಿಗೇ ತೀರ್ಮಾನ ಆಗಲಿ ಅಂತ. ವಿಷಯ ಒಂದು ಬ್ಯಾರನ್ನಿನದು. ಹಿಂದಿನ ಬೇಸಿಗೆಯಲ್ಲಿ ಆ ಊರಿನ ಒಬ್ಬ ರೈತ ಕಾಯಿಲೆಯಿಂದ ತೀರಿಕೊಂಡಿದ್ದ. ಹೆಂಡತಿ, ಐದನೇ ಕ್ಲಾಸಿನ ಮಗಳು, ಸ್ವಲ್ಪ ಹೊಲ, ಒಂದು ಬ್ಯಾರನ್, ಸೊಪ್ಪು ಬೆಳೆದು ಮಾರಲು ಬೋರ್ಡಿನವರು ಕೊಡುವ ಅದರ ಲೈಸೆನ್ಸು, ಅವನು ಬಿಟ್ಟುಹೋದದ್ದು ಇಷ್ಟೇ. ಸೊಪ್ಪನ್ನು ಅವಳೇ ಬೆಳೆದು ನಿಲ್ಲಿಸಿದ್ದಳು. ಈಗ ಕಾವು ಕೊಡುವವರು ಯಾರು? ಆ ಊರಲ್ಲಿ ಹೆಂಗಸರು ಸೊಪ್ಪು ಕಡ್ಡಿಗೆ ಕಟ್ಟುತ್ತಾರೆ, ಅಲ್ಲಿಗೆ ಮುಗಿಯಿತು. ಒಲೆ ಹಚ್ಚುವುದು, ಕಾವು ಏರಿಸುವುದು, ಉರಿಯುವ ಬ್ಯಾರನ್ನಿನ ಒಳಗೆ ಹೋಗಿ ನೋಡುವುದು ಗಂಡಸರ ಕೆಲಸ. ಗಂಡ ಹೋದವಳು ಒಲೆಗೆ ಬೆಂಕಿ ಇಡುವುದಂತೂ ಯಾರೂ ಕಂಡು ಕೇಳಿರಲಿಲ್ಲ. ಅವಳ ಭಾವ, ಗಂಡನ ಅಣ್ಣ, ಲೈಸೆನ್ಸು ನನ್ನ ಹೆಸರಿಗೆ ಮಾಡಿಸಿಕೊಡಲಿ, ನಾನು ನೋಡಿಕೊಳ್ಳುತ್ತೇನೆ ಅಂದಿದ್ದ. ಅವಳು ಆಗಲ್ಲ, ನಾನೇ ಬೇಯಿಸ್ತೀನಿ ಅಂತ ಹೇಳಿಕಳಿಸಿದ್ದಳು.

ಭಾವ ಕೆಟ್ಟವನಲ್ಲ, ಇದನ್ನು ನಾನು ಹೇಳಲೇಬೇಕು. ಅಪ್ಪ ಇಲ್ಲದ ತಮ್ಮನನ್ನು ಸಾಕಿದ್ದು ಅವನೇ, ಆ ಬ್ಯಾರನ್ನಿನ ಗೋಡೆಗೆ ಮಣ್ಣು ಹೊತ್ತಿದ್ದೂ ಅವನೇ. ಒಂದು ಬ್ಯಾರನ್ ಸೊಪ್ಪು ಕೆಟ್ಟರೆ ಮನೆ ಏಳುವುದು ಕಷ್ಟ ಅನ್ನುವುದು ಅವನ ಭಯ. ಆದರೆ ಲೈಸೆನ್ಸು ಅವನ ಹೆಸರಿಗೆ ಹೋದರೆ ಅವಳು ಜೀವನಪೂರ್ತಿ ಭಾವನ ಮನೆಯ ಜಗುಲಿಯಲ್ಲಿ ಕೂತು ಸೊಪ್ಪು ಕಟ್ಟಿ ಕೂಲಿ ಇಸಿದುಕೊಳ್ಳಬೇಕು, ಮಗಳ ಓದು ಇವತ್ತೋ ನಾಳೆಯೋ ನಿಲ್ಲುತ್ತದೆ, ಅದೂ ಅಷ್ಟೇ ನಿಜ. ಯಜಮಾನರು ಹೀಗೆ ಕಟ್ಟುಮಾಡಿದರು. ಮೊದಲ ಬ್ಯಾರನ್ ಅವಳೇ ಬೇಯಿಸಲಿ. ಕಡ್ಡಿ ಏರಿಸಲು ಕೂಲಿಯವರನ್ನು ಕರೆದುಕೊಳ್ಳಲಿ, ಅದಾದ ಮೇಲೆ ಯಾವ ಗಂಡಸೂ ಒಲೆಗೆ ಕೈ ಹಾಕಕೂಡದು, ಕಾವಿನ ಲೆಕ್ಕ ಹೇಳಿಕೊಡಕೂಡದು. ಸೊಪ್ಪು ಕೆಟ್ಟರೆ ಲೈಸೆನ್ಸು ಭಾವನಿಗೆ. ಚೆನ್ನಾಗಿ ಬಂದರೆ ಈ ಮಾತು ಇನ್ನು ಯಾರೂ ಎತ್ತಕೂಡದು. ಭಾವನ ಎದುರಿಗೆ ಮಾತಾಡುವ ವಾಡಿಕೆ ಇಲ್ಲದ್ದರಿಂದ ಅವಳು ಕಂಬದ ಹಿಂದಿನಿಂದಲೇ ಒಪ್ಪಿದೆ ಅಂತ ತಲೆಯಾಡಿಸಿದಳು. ಸಾಕ್ಷಿಗೆ ನಮ್ಮ ಮಂತ್ರಿಗಳು.

ವಾಪಸು ಬರುವಾಗ ಅವರು ಜೀಪು ನಿಲ್ಲಿಸಲು ಹೇಳಿದರು. ನೀನು ಪೇಪರು ಓದುವವನು, ನನ್ನ ಸರ್ಕಾರ ಎಂಥದ್ದು ಅಂತ ನಿನಗೆ ಗೊತ್ತಿರುತ್ತೆ ಅಂದುಕೊಂಡಿದ್ದೆ, ಇವತ್ತು ನೋಡಿದರೆ ಗೊತ್ತಿಲ್ಲ ಅಂತ ಕಾಣುತ್ತೆ ಅಂದರು. ಆಮೇಲೆ ರಸ್ತೆಯ ಕಡೆಗೇ ನೋಡುತ್ತಾ ಹೇಳಿದರು:

“ನಮ್ಮ ಸ್ವಾತಂತ್ರ್ಯ ನಿಮ್ಮ ಥರದ್ದಲ್ಲ. ನಮ್ಮ ದೇಶದಲ್ಲಿ ಕಪ್ಪು ಜನರೇ ಹೆಚ್ಚು. ಆಳ್ವಿಕೆ ಅವರ ಕೈಗೆ ಹೋಗುವ ದಾರಿ ಬಿಡಿ ಅಂದರು ಬ್ರಿಟಿಷರು. ಬಿಡಲ್ಲ ಅಂತ ನಾವು ಬೇರೆಯಾದೆವು. ನಾನು ಅದಕ್ಕೆ ಒಪ್ಪಿ ಕೈ ಎತ್ತಿದವನು.”

ನನ್ನ ಕೋಪ ನಮ್ಮ ಮನೆಯವರಿಗೆ ಗೊತ್ತು, ಅಂದು ಡ್ರೈವರಿಗೂ ಗೊತ್ತಾಯಿತು. ಅವರಿಗೆ ನಾನು ಏನೂ ಅನ್ನಲಿಲ್ಲ, ಸಿಕ್ಕಿದ್ದಕ್ಕೆಲ್ಲ ಡ್ರೈವರನ್ನು ಬೈದೆ. ಮಕ್ಕಳ ಎದುರಿಗೆ ಆ ಹಗ್ಗವನ್ನು ಇವರ ಕೈಗೆ ಕೊಟ್ಟುಬಿಟ್ಟೆವಲ್ಲ ಅಂತ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಪ್ರೀತಿ ಹುಟ್ಟಿಯಾದ ಮೇಲೆ ಇದನ್ನು ಹೇಳಿದರಲ್ಲ ಅಂತ. ಮಾರನೆಯ ದಿನದಿಂದ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಮಾತು. ಅವರು ಸಮಜಾಯಿಷಿ ಹೇಳಲಿಲ್ಲ, ಕ್ಷಮಿಸು ಅಂತಲೂ ಅನ್ನಲಿಲ್ಲ. ಹೆಂಡತಿ ಮಾತ್ರ ವಿಷಯ ಕೇಳಿ, ಅದಕ್ಕೇ ಅವರಮ್ಮ ಬಿಡಿಸಿದ್ದು, ಅಂದಳು. ಊಟದ ಕ್ಯಾರಿಯರ್ ಕಳಿಸುವುದನ್ನು ಅವಳು ನಿಲ್ಲಿಸಲಿಲ್ಲ.

ಆ ಹೆಣ್ಣುಮಗಳು ಗಿಡದಿಂದ ಸೊಪ್ಪು ಮುರಿಸಿ ಕಡ್ಡಿ ಕಟ್ಟಿಸಿ ಬ್ಯಾರನ್ ತುಂಬಿಸಿದಳು. ಒಲೆಗೆ ಪೂಜೆ ಮಾಡಲು ಯಾರೂ ಮುಂದೆ ಬರಲಿಲ್ಲ. ಅವಳೇ ಒಂದು ಬಿಲ್ಲೆ ಕರ್ಪೂರ ಹಚ್ಚಿ, ಗಂಡನ ಹೆಸರು ಹೇಳಿ ಬೆಂಕಿ ಇಟ್ಟಳು. ನಾವು ದಿನಾ ಬೆಳಿಗ್ಗೆ ಹೋಗಿ ಸಂಜೆವರೆಗೂ ಅಲ್ಲೇ ಇರುತ್ತಿದ್ದೆವು. ಮೊದಲ ಹಂತದಲ್ಲಿ ಸೊಪ್ಪು ಹಣ್ಣಾಗಬೇಕು. ಮೇಲಿನ, ಕೆಳಗಿನ ಗಾಳಿಗಂಡಿಗಳನ್ನು ಮುಚ್ಚಿ, ಸಣ್ಣ ಕಾವಿನಲ್ಲಿ, ಸೊಪ್ಪಿನ ನೀರು ಸೊಪ್ಪಲ್ಲೇ ಇರುವ ಹಾಗೆ ಎಲೆ ಹಸಿರು ಬಿಟ್ಟು ಹಳದಿಗೆ ಬರಲು ಬಿಡಬೇಕು. ಆಮೇಲೆ ಗಾಳಿಗಂಡಿ ತೆರೆದು ಕಾವು ಏರಿಸಿ ಆ ಬಣ್ಣವನ್ನು ಹಿಡಿದು ನಿಲ್ಲಿಸಬೇಕು. ಕೊನೆಗೆ ಜೋರು ಕಾವಿನಲ್ಲಿ ನಡುವಿನ ದಂಟು ಒಣಗಬೇಕು. ಮೊದಲನೆಯದರಿಂದ ಎರಡನೆಯದಕ್ಕೆ ದಾಟುವ ಹೊತ್ತಿದೆಯಲ್ಲ, ಬ್ಯಾರನ್ನಿನ ಪ್ರಾಣ ಇರುವುದೇ ಅಲ್ಲಿ. ಬೇಗ ಏರಿಸಿದರೆ ಸೊಪ್ಪು ಹಸಿರಿಗೇ ಒಣಗಿ ಯಾರೂ ಮೂಸುವುದಿಲ್ಲ. ತಡಮಾಡಿದರೆ ಕಂದಿ ಕೊಳೆತ ಬಣ್ಣಕ್ಕೆ ತಿರುಗುತ್ತದೆ.

ಎರಡನೆಯ ದಿನ ಕೊಡಗಿನ ಕಡೆಯಿಂದ ಗಾಳಿಮಳೆ ಹಿಡಿಯಿತು. ಸೌದೆ ಒದ್ದೆ, ಎರಚಲು ನೇರ ಒಲೆಯ ಬಾಯಿಗೆ, ಹೊಗೆ ಹಿಂದಕ್ಕೆ ಹೊಡೆದು ಅವಳಿಗೆ ಕಣ್ಣೇ ಕಾಣದು. ಥರ್ಮಾಮೀಟರು ಇಳಿಯುತ್ತಾ ಹೋಯಿತು. ಮಂತ್ರಿಗಳು ಹೋಗಿ ತಮ್ಮ ದೊಡ್ಡ ಕಪ್ಪು ಕೊಡೆ ಬಿಚ್ಚಿಕೊಂಡು ಒಲೆಯ ಮುಂದೆ ಎರಚಲಿಗೆ ಅಡ್ಡ ನಿಂತರು. ತಕ್ಷಣ ಒಬ್ಬ ಯಜಮಾನ, ಕೊಡೆ ಹಿಡಿಯೋದು ಒಲೆಗೆ ಕೈ ಹಾಕಿದ ಹಾಗಾಯಿತಾ ಇಲ್ಲವಾ ಅಂತ ತಕರಾರು ತೆಗೆದ. ಮಳೆಯಲ್ಲೇ ಅದರ ಮೇಲೆ ಚರ್ಚೆ ನಡೆಯಿತು. ಕೊಡೆ ಹಿಡಿದಿರುವುದು ಅವರು ತಮ್ಮ ತಲೆಗೆ, ನಿಂತ ಜಾಗ ಒಲೆಯ ಮುಂದೆ ಆದದ್ದು ಆಕಸ್ಮಿಕ ಅಂತ ತೀರ್ಮಾನವಾಯಿತು. ಸೊಪ್ಪು ಕಟ್ಟುವ ಹೆಂಗಸರು ಯಾರೂ ಹೇಳದೆಯೇ ತಮ್ಮ ತಮ್ಮ ಅಟ್ಟದಿಂದ ಒಣ ತೆಂಗಿನ ಕರಟ, ಮಟ್ಟೆ ಸೆರಗಲ್ಲಿ ಮುಚ್ಚಿಕೊಂಡು ತಂದು ಸುರಿದರು. ಗಂಡಸರು ಕೈ ಹಾಕಕೂಡದು ಅಂತ ತಾನೇ ಕಟ್ಟಳೆ. ಸಂಜೆಯ ಹೊತ್ತಿಗೆ ಕಾವು ಹಿಂತಿರುಗಿತು. ಮುದುಕ ಆವತ್ತೆಲ್ಲ ಆ ಕೊಡೆ ಇಳಿಸಲಿಲ್ಲ, ಬೆನ್ನು ಪೂರ್ತಿ ನೆನೆದು ನಡುಗುತ್ತಿದ್ದರು. ನನ್ನ ಶಾಲು ತೆಗೆದು ಅವರ ಮೇಲೆ ಎಸೆದೆ. ಮಾತು ಮಾತ್ರ ಆಡಲಿಲ್ಲ.

ಮರುದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಅವಳು ಸೆರಗನ್ನು ತಲೆಗೆ ಸುತ್ತಿ ಬ್ಯಾರನ್ನಿನ ಒಳಕ್ಕೆ ಹೋಗಿ ಬಂದಳು. ಮುಖದಲ್ಲಿ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಕೈಯಲ್ಲಿ ಮೂರು ಎಲೆ. ಕೆಳ ಅಂತಸ್ತಿನದು ಹಳದಿಯಾಗಿ ತುದಿ ಒಣಗುತ್ತಿತ್ತು. ನಡುವಿನದು ಹಳದಿ, ನರದಲ್ಲಿ ಮಾತ್ರ ಎಳೆ ಹಸಿರು. ಮೇಲಿನದು ಇನ್ನೂ ಅರೆ ಹಸಿರು. ಹಿಂದಿನ ದಿನ ಕಾವು ಇಳಿದದ್ದರ ಪೆಟ್ಟು ಅಂದುಕೊಂಡೆ. ಭಾವ ತನ್ನ ಹೊಲದ ಬದುವಿನ ಮೇಲೆ ನಿಂತು ಯಾರಿಗೂ ಹೇಳದವನ ಹಾಗೆ, ನಾನಾಗಿದ್ರೆ ನೆನ್ನೆಯೇ ಏರಿಸ್ತಿದ್ದೆ ಅಂತ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ.

ಅವಳು ನನ್ನ ಹತ್ತಿರ ಬಂದು, “ಸಾ, ಮಂತ್ರಿಗಳನ್ನ ಒಂದ್ ಮಾತು ಕೇಳಿ. ಈಗ ಏರಿಸ್ಲಾ, ಇನ್ನೂ ಕಾಯ್ಲಾ?” ಅಂದಳು. ಯಜಮಾನರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದ್ದಳು.

ಕೇಳಿದೆ. ಅವರು ಎಲೆಗಳನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಉತ್ತರ ಅವರಿಗೆ ಗೊತ್ತಿತ್ತು, ಮುಖದಲ್ಲೇ ಕಂಡೆ. ಎಲೆಗಳನ್ನು ಅವಳ ಕೈಗೇ ವಾಪಸು ಕೊಟ್ಟು, ಅವಳಿಗೆ ಏನನ್ನಿಸುತ್ತೆ ಕೇಳು ಅಂದರು.

ನನಗೆ ರೇಗಿಹೋಯಿತು. ಆ ಮೂರ್ನಾಲ್ಕು ದಿನ ಕಟ್ಟಿಟ್ಟುಕೊಂಡಿದ್ದೆಲ್ಲ ಒಟ್ಟಿಗೆ ಬಂತು. ಜನ ಇದ್ದಾರೆ ಅನ್ನುವುದನ್ನೂ ನೋಡದೆ ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಕೂಗಾಡಿದೆ. ಅಷ್ಟು ದೂರದಿಂದ ಬಂದದ್ದು ಇದನ್ನು ಹೇಳಿಕೊಡುವುದಕ್ಕೇ ಅಲ್ಲವೇ, ಒಂದು ಹೆಂಗಸಿನ ಬಾಳು ನಿಂತಿರುವಾಗ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದರೆ ಅದು ಎಂಥ ಮನುಷ್ಯತ್ವ ಅಂದೆ. ಯಜಮಾನರ ಕಿವಿಗೆ ಹೋಗದ ಹಾಗೆ ಇಂಗ್ಲಿಷಿನಲ್ಲಿ ಹೇಳಿಬಿಡಿ, ನಾನು ಅವಳಿಗೆ ಹೇಗೋ ತಿಳಿಸುತ್ತೇನೆ ಅಂತಲೂ ಅಂದೆ. ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, ನಾನು ಹೇಳಿದರೆ ಇದು ನಾನು ಬೇಯಿಸಿದ ಬ್ಯಾರನ್ ಆಗುತ್ತೆ, ಆಗ ಅವಳ ಕೈಯಲ್ಲಿ ಏನೂ ಉಳಿಯಲ್ಲ ಅಂದರು. ಅವಳಿಗೂ ಅದನ್ನೇ ಹೇಳು ಅಂದರು.

ಹೇಳಿದೆ.  ಅವಳು ಸೆರಗನ್ನು ತಲೆಗೆ ಬಿಗಿದುಕೊಂಡು ಮತ್ತೆ ಒಳಗೆ ಹೋದಳು. ಈ ಸಲ ಬಹಳ ಹೊತ್ತು ಬರಲಿಲ್ಲ. ಹೊರಗೆ ಬಂದವಳು ಗೋಡೆಗೆ ಒರಗಿ ಉಸಿರು ತೆಗೆದುಕೊಂಡು, ಮೇಲಿನದಕ್ಕೆ ಕಾಯ್ತಾ ಕೂತರೆ ನಡುವಿನದು ಕೈ ಬಿಟ್ಟು ಹೋಗುತ್ತೆ, ಮೇಲಿನದು ಹೋದರೆ ಹೋಗಲಿ ಅಂದಳು. ಯಾರನ್ನೂ ಇನ್ನೊಂದು ಮಾತು ಕೇಳಲಿಲ್ಲ. ತಾನೇ ಏಣಿ ಹತ್ತಿ ಗಾಳಿಗಂಡಿ ತೆರೆದು, ಇಳಿದು ಬಂದು ಒಲೆಗೆ ಸೌದೆ ತುಂಬಿದಳು. ಸಂಜೆ ಜೀಪಿನಲ್ಲಿ ನಾನಾಗೇ ಬಾಯಿಬಿಟ್ಟು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದೆ. ಇನ್ನೂ ಸ್ವಲ್ಪ ಕಾಯುತ್ತಿದ್ದೆ, ಆದರೆ ಅದೇ ಸರಿ ಅಂತ ಹೇಳುವ ಧೈರ್ಯ ಇಲ್ಲ ಅಂದರು. 

ಕಾವೆಲ್ಲ ಮುಗಿದು, ಬಾಗಿಲು ತೆರೆದಿಟ್ಟು, ಗರಿಗರಿಯಾದ ಸೊಪ್ಪು ಗಾಳಿಯ ತೇವ ಕುಡಿದು ಮೆತ್ತಗಾದ ಮೇಲೆ ಬ್ಯಾರನ್ನಿನಿಂದ ಕಡ್ಡಿಗಳನ್ನು ಇಳಿಸಿದರು. ಊರಿಗೆ ಊರೇ ಸೇರಿತ್ತು. ಗೋಣಿತಾಟು ಹಾಸಿ ಅಂತಸ್ತಿನ ಪ್ರಕಾರ ಸೊಪ್ಪು ಹರಡಿದರು. ಕೆಳಗಿನದೂ ನಡುವಿನದೂ ನಿಂಬೆಹಣ್ಣಿನ ಬಣ್ಣಕ್ಕೆ ಬಂದಿತ್ತು. ನಾನು ನೋಡಿದ ಎಷ್ಟೋ ಪಳಗಿದ ಕೈಗಳ ಸೊಪ್ಪಿಗಿಂತ ಏನೂ ಕಡಿಮೆಯಿರಲಿಲ್ಲ. ಮೇಲಿನ ಅಂತಸ್ತಿನದರಲ್ಲಿ ಅರ್ಧಕ್ಕರ್ಧ ಹಸಿರು ಮಚ್ಚೆ. ಯಜಮಾನರು ತಿರುವಿ ಹಾಕಿ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಕೆಟ್ಟಿದೆ ಅನ್ನುವ ಹಾಗಿಲ್ಲ, ಪೂರ್ತಿ ಚೆನ್ನಾಗಿ ಬಂದಿದೆ ಅನ್ನುವ ಹಾಗೂ ಇಲ್ಲ. ಆಗ ಭಾವ ಮುಂದೆ ಬಂದು ಎಲೆಯನ್ನು ಬೆರಳಲ್ಲಿ ಸವರಿ ನೋಡಿ, ಮಂತ್ರಿಗಳಿಗೆ ಕೈಮುಗಿದು ನನ್ನ ಕಡೆ ತಿರುಗಿದ.

“ಕೆಟ್ಟಿಲ್ಲ ಸಾ, ಸುಳ್ಳೇಳಬಾರ್ದು. ಬ್ಯಾರನ್ನು ಅವ್ಳದೇಯ, ನಾ ಇಲ್ಲ ಅನ್ನಕಿಲ್ಲ. ಆದ್ರೆ ಇನ್ನೂ ಕೈ ಪಳಗಿಲ್ಲ. ಇನ್ನೊಂದ್ನಾಕು ವರ್ಸ ನಾ ನೋಡ್ಕತೀನಿ, ಅವ್ಳು ಪಕ್ಕದಲ್ಲಿದ್ದು ಕಲೀಲಿ. ಲೈಸೆನ್ಸು ಅಲ್ಲೀಗಂಟ ನನ್ ಹೆಸರಲ್ಲಿರ್ಲಿ. ಮಂತ್ರಿಗಳು ತಿಳಿದೋರು, ಅವ್ರೇ ಏಳ್ಲಿ.”

ಯಜಮಾನರೆಲ್ಲ ಇದು ನ್ಯಾಯವಾದ ಮಾತು ಅಂತ ತಲೆದೂಗಿದರು. ನಿಜ ಹೇಳಬೇಕೆಂದರೆ ನನಗೂ ಆ ಗಳಿಗೆ ನ್ಯಾಯವೆಂದೇ ಅನ್ನಿಸಿತು. ನಾನು ಒಂದಕ್ಷರ ಬಿಡದೆ ತರ್ಜುಮೆ ಮಾಡಿದೆ. ಅವರು ಇನ್ನೊಂದು ಸಲ ಹೇಳು ಅಂದರು. ಹೇಳಿದೆ. ಅವರು ಕುರ್ಚಿಯಿಂದ ಎದ್ದು ನಿಂತರು. ನಾನು ಹೇಳಿದ್ದನ್ನು ಹಾಗೇ ಹೇಳಬೇಕು, ಮೃದು ಮಾಡಕೂಡದು ಅಂತ ನನ್ನಿಂದ ಮಾತು ತೆಗೆದುಕೊಂಡರು.

“ಈ ಮಾತು ನನ್ನದು,” ಅಂದರು. “ಮಂತ್ರಿಯಾಗಿದ್ದಷ್ಟು ಕಾಲವೂ ಇದನ್ನೇ ಆಡಿದೆ. ಒಂದು ಬ್ಯಾರನ್ ಬಗ್ಗೆ ಅಲ್ಲ, ಒಂದು ದೇಶದ ಬಗ್ಗೆ. ದೇಶ ಆ ಕಪ್ಪು ಜನರದ್ದೇ, ಇಲ್ಲ ಅನ್ನಲ್ಲ, ಆದರೆ ಇನ್ನೂ ಕೈ ಪಳಗಿಲ್ಲ, ಇನ್ನು ಕೆಲವು ವರ್ಷ ನಾವು ನೋಡಿಕೊಳ್ಳುತ್ತೇವೆ, ಪಕ್ಕದಲ್ಲಿದ್ದು ಕಲಿಯಲಿ. ಪ್ರತಿ ವರ್ಷವೂ ಇನ್ನು ಕೆಲವು ವರ್ಷ ಅಂದೆವು. ಇವರಷ್ಟೇ ಒಳ್ಳೆಯ ಮನಸ್ಸಿನಿಂದ ಅಂದೆ ಅಂತ ತಿಳಿದಿದ್ದೆ. ಆ ಮಾತಿಗೆ ಸಾವಿರಾರು ಜನ ಸತ್ತರು. ನೀವು ನನ್ನ ಕೈಯಲ್ಲಿ ಧ್ವಜ ಹಾರಿಸಿದಿರಿ. ನಾನು ಸ್ವಾತಂತ್ರ್ಯ ಕೇಳಿದವರ ಕಡೆಯವನಲ್ಲ. ಕೈ ಪಳಗಿದೆಯೋ ಇಲ್ಲವೋ ಅಂತ ಹೇಳಲು ನನ್ನನ್ನು ಕರೆಯಬೇಡಿ. ಬ್ಯಾರನ್ ಯಾರದೋ ಅವರನ್ನು ಕೇಳಿ.”

ಮಾತು ಕೊಟ್ಟ ಹಾಗೆ, ಏನನ್ನೂ ಮೃದು ಮಾಡದೆ ಪೂರ್ತಿ ಹೇಳಿದೆ.  ಹೆಡ್‌ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಇಡೀ ಊರಿನ ಮುಂದೆ, ಧ್ವಜ ಹಾರಿಸಿದ ಊರಿನಲ್ಲೇ, ಆ ವಯಸ್ಸಿನಲ್ಲಿ ತಲೆ ಬಗ್ಗಿಸಿ ನಿಂತ ಮನುಷ್ಯನನ್ನು ನೋಡಿ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವರು ಮಾಡಿದ್ದು ಸಣ್ಣದಾಯಿತು ಅಂತಲ್ಲ. ಅದು ಅಷ್ಟು ದೊಡ್ಡದಾಗಿದ್ದೂ ನಾನು ಅವರನ್ನು ಪ್ರೀತಿಸುತ್ತಿದ್ದೆ, ಅಷ್ಟೇ.

ಎಲ್ಲರೂ ಆ ಹೆಣ್ಣುಮಗಳ ಕಡೆ ನೋಡಿದರು. ಅವಳು ಬ್ಯಾರನ್ ಬಾಗಿಲ ಹಿಂದಿನಿಂದ ಈಚೆ ಬಂದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಮದುವೆಯಾಗಿ ಬಂದಾಗಿನಿಂದ ಮೊದಲ ಸಲ, ಭಾವನಿಗೆ ನೇರವಾಗಿ ಹೇಳಿದಳು:

“ಭಾವ, ನಾಳೀಕೆ ಎರಡನೇ ಕೊಯ್ಲು ಮುರಿಸ್ತೀನಿ. ಕೂಲಿಯೋರು ಈ ಸಲ ಮ್ಯಾಗಡೆ ಒತ್ತಾಗಿ ಕಡ್ಡಿ ಏರ್ಸ್ಬುಟ್ರು, ಗಾಳಿಯೇ ಆಡ್ನಿಲ್ಲ. ನಿಮ್ಮಂಗೆ ಏರ್ಸೋರು ಈ ಊರಲ್ಲಿಲ್ಲ. ನೀವು ಬಂದು ಏರ್ಸ್ಕೊಡಿ. ಒಲೆ ನಾ ನೋಡ್ಕತೀನಿ.”

ಭಾವ ನೆಲ ನೋಡಿದ, ಸೊಪ್ಪು ನೋಡಿದ, ತಾನೇ ಮಣ್ಣು ಹೊತ್ತು ಕಟ್ಟಿದ ಗೋಡೆ ನೋಡಿದ. ಹೆಗಲ ಮೇಲಿನ ಟವಲ್ ತೆಗೆದು ಮುಖ ಒರೆಸಿಕೊಂಡ. 

“ಎಷ್ಟೊತ್ಗೆ ಬರ್ಲವ್ವ?” ಅಂದ.

ಯಜಮಾನರು ಎದ್ದು ಪಂಚೆ ಕೊಡವಿಕೊಂಡರು. ಪಂಚಾಯಿತಿ ಮುಗಿದದ್ದು ಹಾಗೆ. ಲೈಸೆನ್ಸಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಮಂತ್ರಿಗಳು ನನ್ನ ತೋಳು ಹಿಡಿದು ಏನಂದಳು, ಏನಂದಳು ಅಂತ ಕೇಳುತ್ತಲೇ ಇದ್ದರು. ತಿಳಿಸಿದೆ. ನಾನೂ ಬರಬಹುದಾ ಕೇಳು ಅಂದರು. ಅವಳು ಆ ಉದ್ದನೆಯ ಮುದುಕನನ್ನು ಮೇಲಿಂದ ಕೆಳಗೆ ನೋಡಿ, ಬರ್ಲಿ, ಏಣಿ ಹತ್ತೋದು ಬ್ಯಾಡ, ಕೆಳಗೆ ನಿಂತ್ಕಂಡು ಕಡ್ಡಿ ಎತ್ತಿಕೊಡ್ಲಿ ಅಂದಳು. ಮಾರನೆಯ ದಿನ ನಾವು ಹೋಗುವಾಗ ಭಾವ ಆಗಲೇ ಮೇಲಿನ ಅಡ್ಡಮರದ ಮೇಲೆ ಕಾಲು ಅಗಲಿಸಿ ನಿಂತಿದ್ದ. ಕಾಲುಚೀಲ ಬಿಚ್ಚಿಟ್ಟು ಬರಿಗಾಲಲ್ಲಿ ನಿಂತ ಮಾಜಿ ಮಂತ್ರಿಗಳು ಒಂದೊಂದೇ ಕಡ್ಡಿಯನ್ನು ಸೊಪ್ಪು ಹರಿಯದ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಡತೊಡಗಿದರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಭಾವನ ದನಿ ಬಂತು. ಇಂಗೆ ಮೆಲ್ಲಗೆ ಕೊಟ್ರೆ ಸಂಜೆಗಂಟ ಆಯ್ತದೆ, ಬಿರ್ರನೆ ಕೊಡಾಕೆ ಏಳಿ ಸಾ, ಅಂತ. ನಾನು ತರ್ಜುಮೆ ಮಾಡಿದೆ. ಅವರು ಯೆಸ್ ಸರ್ ಅಂದರು.